ಎಚ್‌ಎಂಎಸ್ ಶೆಫೀಲ್ಡ್: ಹಡಗು ಕಳೆದುಕೊಂಡ ಕ್ಯಾಪ್ಟನ್ ಸಾಲ್ಟ್ ಮೇಲೆ ಹೊಣೆ ಎಷ್ಟು?

ಪಡುಗಡಲು:

1982ರ ಮೇ 4ರಂದು ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಅರ್ಜೆಂಟೀನಾದ ಎಕ್ಸೊಸೆಟ್ ಕ್ಷಿಪಣಿಯೊಂದು ಬ್ರಿಟನ್ನಿನ ಡೆಸ್ಟ್ರಾಯರ್ ಶೆಫೀಲ್ಡ್‌ಗೆ ಬಡಿಯಿತು. 20 ಮಂದಿ ಸತ್ತರು, 26 ಮಂದಿ ಗಾಯಗೊಂಡರು. ಹಡಗು ಆ ದಿನವೇ ಮುಳುಗಲಿಲ್ಲ. ಸುಟ್ಟು ಕರಕಲಾದ ಮೇಲೆ ಯಾರ್ಮತ್ ನೌಕೆ ಅದನ್ನು ಎಳೆದೊಯ್ಯುತ್ತಿದ್ದಾಗ ಮೇ 10ರಂದು ತಳ ಸೇರಿತು. ಎರಡನೇ ಮಹಾಯುದ್ಧದ ನಂತರ ಶತ್ರುವಿನ ಹೊಡೆತಕ್ಕೆ ಬ್ರಿಟಿಷ್ ನೌಕಾಪಡೆ ಕಳೆದುಕೊಂಡ ಮೊದಲ ಯುದ್ಧನೌಕೆ ಇದು.

ನೌಕಾಪಡೆಯ ತನಿಖಾ ಮಂಡಳಿ ಅದೇ ವರ್ಷ ವರದಿ ಕೊಟ್ಟಿತು. 2006ರಲ್ಲಿ ಅದು ಸಾರ್ವಜನಿಕರಿಗೆ ಸಿಕ್ಕಾಗ ಮುಖ್ಯ ಭಾಗಗಳಿಗೆಲ್ಲ ಮಸಿ ಬಳಿದಿತ್ತು. ಹೆಚ್ಚುಕಡಿಮೆ ಪೂರ್ತಿ ವರದಿ ಬೆಳಕಿಗೆ ಬಂದದ್ದು 2017ರಲ್ಲಿ. ಅಲ್ಲಿಂದೀಚೆಗೆ ಎಲ್ಲಿ ನೋಡಿದರೂ ಒಂದೇ ಮಾತು: ವಾಯುರಕ್ಷಣೆ ನೋಡಿಕೊಳ್ಳಬೇಕಾದ ಅಧಿಕಾರಿ ಕಾಫಿಗೆ ಹೋಗಿದ್ದ, ಅದಕ್ಕೇ ಹಡಗು ಹೋಯಿತು. ಅದರ ಜೊತೆಗೆ ಕ್ಯಾಪ್ಟನ್ ಸ್ಯಾಮ್ ಸಾಲ್ಟ್ ಸಬ್‌ಮರೀನ್ ಹಿನ್ನೆಲೆಯವರು, ಡೆಸ್ಟ್ರಾಯರ್ ನಡೆಸುವುದು ಅವರಿಗೆ ಗೊತ್ತಿರಲಿಲ್ಲ ಎಂಬ ತೀರ್ಪು.

ನನಗೆ ಈ ಎರಡೂ ಅರ್ಧಸತ್ಯ ಅನ್ನಿಸುತ್ತವೆ. ಕಾಫಿಯ ವಿಷಯ ವರದಿಯಲ್ಲೇ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಒಬ್ಬ ಅಧಿಕಾರಿ ಕೆಲವು ನಿಮಿಷ ಎದ್ದು ಹೋದರೆ ಇಡೀ ಹಡಗು ಕುರುಡಾಗುತ್ತದೆ ಎಂದರೆ, ಆ ವ್ಯವಸ್ಥೆ ಹಾಗೆ ಆದದ್ದು ಆ ನಿಮಿಷಗಳಲ್ಲಲ್ಲ. ಕ್ಯಾಪ್ಟನ್‌ನ ಹೊಣೆ ಹುಡುಕುವುದಿದ್ದರೆ ಅದಕ್ಕೂ ಹಿಂದಿನ ದಿನಗಳಲ್ಲಿ ಹುಡುಕಬೇಕು. ತಾಂತ್ರಿಕ ವಿವರ ಬಲ್ಲವರು ದಯವಿಟ್ಟು ಬರೆಯಿರಿ. ರೇಡಾರ್, ಬೆಂಕಿ, ಕಾನೂನು, ಯಾವ ಕಡೆಯಿಂದಾದರೂ ಸರಿ.

ಅಲೆಲೆಕ್ಕ:

ಪಡುಗಡಲು ಅವರೇ, ಮೊದಲು ಹಡಗಿಗೆ ಎಷ್ಟು ಸಮಯ ಸಿಗಬಹುದಿತ್ತು ಎಂಬ ಲೆಕ್ಕ ಹಾಕೋಣ. ಅದಿಲ್ಲದೆ ಯಾರ ಮೇಲೂ ತಪ್ಪು ಹೊರಿಸಲಾಗದು.

ರೇಡಾರಿನ ದಿಗಂತ ಕಿಲೋಮೀಟರಿನಲ್ಲಿ ಬೇಕಾದರೆ ಸೂತ್ರ ಸರಳ: ಆಂಟೆನಾದ ಎತ್ತರದ ವರ್ಗಮೂಲ, ಗುರಿಯ ಎತ್ತರದ ವರ್ಗಮೂಲ, ಎರಡನ್ನೂ ಮೀಟರಿನಲ್ಲಿ ತೆಗೆದು ಕೂಡಿಸಿ, 4.12ರಿಂದ ಗುಣಿಸಿ. ಆಂಟೆನಾ ನೀರಿನಿಂದ 25 ಮೀಟರ್ ಮೇಲಿದೆ ಎಂದಿಟ್ಟುಕೊಳ್ಳಿ. ಸುಮಾರು 30 ಮೀಟರ್ ಎತ್ತರದಲ್ಲಿ ಬರುವ ವಿಮಾನ 43 ಕಿ.ಮೀ. ದೂರದಲ್ಲಿ ದಿಗಂತದ ಮೇಲೆ ಬರುತ್ತದೆ. 3 ಮೀಟರ್ ಎತ್ತರದಲ್ಲಿ ನೀರು ಸವರಿಕೊಂಡು ಬರುವ ಕ್ಷಿಪಣಿಯಾದರೆ ಸುಮಾರು 28 ಕಿ.ಮೀ. ಎಕ್ಸೊಸೆಟ್ ಸೆಕೆಂಡಿಗೆ ಸುಮಾರು 315 ಮೀಟರ್ ಓಡುತ್ತದೆ. ಅಂದರೆ ಲೆಕ್ಕದ ಪ್ರಕಾರ 88 ಸೆಕೆಂಡು.

ಕಾಗದದ ಮೇಲಿನ ಆ 88 ಸೆಕೆಂಡು ಸಮುದ್ರದಲ್ಲಿ ಸಿಗುವುದಿಲ್ಲ. ಕ್ಷಿಪಣಿಯ ಮೈ ಸುಮಾರು 35 ಸೆಂ.ಮೀ. ದಪ್ಪ, ಎದುರಿಂದ ಬರುವಾಗ ರೇಡಾರಿಗೆ ಕಾಣುವುದು ಅಷ್ಟೇ. ಅಲೆಗಳಿಂದ ವಾಪಸು ಬರುವ ಪ್ರತಿಫಲನದ ಗದ್ದಲದಲ್ಲಿ ಅದನ್ನು ಬೇರ್ಪಡಿಸಬೇಕು. 12 ಕಿ.ಮೀ. ದೂರದಲ್ಲಿ ಕಂಡಿತು ಎಂದರೂ ಉಳಿಯುವುದು 38 ಸೆಕೆಂಡು.

ಶೆಫೀಲ್ಡ್‌ನಲ್ಲಿದ್ದ ಟೈಪ್ 965 ಹಳೆಯ ಕಾಲದ ದೂರವೀಕ್ಷಣಾ ರೇಡಾರ್. ಎತ್ತರದಲ್ಲಿ ಬರುವ ಬಾಂಬರ್‌ಗಳನ್ನು ದೂರದಿಂದ ಹಿಡಿಯಲೆಂದು ಮಾಡಿದ್ದು. ಕೆಳಮಟ್ಟದಲ್ಲಿ ಬರುವ ಗುರಿಗೆ ಅದು ಹೆಚ್ಚುಕಡಿಮೆ ನಿಷ್ಪ್ರಯೋಜಕ. 992ಕ್ಯೂ ಎಂಬ ಇನ್ನೊಂದು ರೇಡಾರ್ ಅದಕ್ಕಿಂತ ಚುರುಕು, ಗುರಿ ತೋರಿಸಿಕೊಡುವುದು ಅದರ ಕೆಲಸ. ಸೀ ಡಾರ್ಟ್ ಕ್ಷಿಪಣಿ ಹಾರಿಸಬೇಕಾದರೆ ಟೈಪ್ 909 ರೇಡಾರ್ ಗುರಿಯನ್ನು ಹಿಡಿದು, ಕೊನೆಯವರೆಗೂ ಅದರ ಮೇಲೆ ಕಿರಣ ಬಿಡುತ್ತಲೇ ಇರಬೇಕು. ಕ್ರಮ ಹೀಗಿದೆ: 992ಕ್ಯೂ ಕಾಣಬೇಕು, ಆಪ್ಸ್ ರೂಮಿನವರು (ಹಡಗಿನ ಯುದ್ಧ ನಿಯಂತ್ರಣ ಕೋಣೆಯವರು) ಶತ್ರು ಎಂದು ತೀರ್ಮಾನಿಸಬೇಕು, ಕಂಪ್ಯೂಟರ್ ಅದನ್ನು 909ಕ್ಕೆ ಒಪ್ಪಿಸಬೇಕು, 909 ಹಿಡಿಯಬೇಕು, ಕೆಳಗಿನ ಉಗ್ರಾಣದಿಂದ ಕ್ಷಿಪಣಿ ಉಡಾವಣಾ ಕಂಬಿಗೆ ಏರಬೇಕು. ನೀರು ಸವರುವ ಗುರಿಯ ವಿಷಯದಲ್ಲಿ ಮೂರನೇ, ನಾಲ್ಕನೇ ಹೆಜ್ಜೆಗಳೇ ಜಾರುತ್ತವೆ. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಎಚ್ಚರವಾಗಿ ಕೂತಿದ್ದರೂ ಸೀ ಡಾರ್ಟ್ ಆ ಎಕ್ಸೊಸೆಟ್ಟನ್ನು ಹೊಡೆದುರುಳಿಸುವ ಸಾಧ್ಯತೆ ಬಹಳ ಕಡಿಮೆ ಇತ್ತು. ಹತ್ತಿರದ ರಕ್ಷಣೆಗೆ ಸೀ ವುಲ್ಫ್ ಕ್ಷಿಪಣಿ ಆ ದಿನ ಪಡೆಯಲ್ಲಿ ಇದ್ದದ್ದು ಟೈಪ್ 22 ನೌಕೆಗಳಾದ ಬ್ರಾಡ್‌ಸ್ವರ್ಡ್ ಮತ್ತು ಬ್ರಿಲಿಯಂಟ್‌ನಲ್ಲಿ ಮಾತ್ರ. ಶೆಫೀಲ್ಡ್‌ಗೆ ಇದ್ದದ್ದು ಒಂದು 4.5 ಇಂಚಿನ ತೋಪು, ಎರಡು 20 ಮಿ.ಮೀ. ಗನ್. ಆ ಕೊರತೆಗೆ ಸಾಲ್ಟ್ ಕಾರಣರಲ್ಲ. ಅದು ಹಣ ಉಳಿಸಲು ಹಡಗಿನ ಉದ್ದವನ್ನೂ ಆಯುಧವನ್ನೂ ಕತ್ತರಿಸಿದವರ ತೀರ್ಮಾನ.

ಗಾಳಿಪಟ_ಎಂಎಸ್:

ಅಲೆಲೆಕ್ಕ ಸರ್, ಲೆಕ್ಕ ಸರಿ. ಆದರೆ ಹೊಡೆದುರುಳಿಸುವುದೊಂದೇ ದಾರಿ ಅಲ್ಲವಲ್ಲ. ಚಾಫ್ ಇತ್ತಲ್ಲ?

ಇತ್ತು. ಕಾರ್ವಸ್ ಎಂಬ ಉಡಾವಕ, ಪ್ರತಿಯೊಂದಕ್ಕೂ ಎಂಟು ನಳಿಕೆ. ಗಾಜಿನ ನಾರಿಗೆ ಲೋಹದ ಲೇಪ ಕೊಟ್ಟ ಎಳೆಗಳ ಮೋಡವನ್ನು ಗಾಳಿಯಲ್ಲಿ ಹರಡುತ್ತದೆ, ಕ್ಷಿಪಣಿಯ ಮೂತಿಯಲ್ಲಿರುವ ರೇಡಾರಿಗೆ ಅದು ಇನ್ನೊಂದು ಹಡಗಿನಂತೆ ಕಾಣುತ್ತದೆ. ಮೋಡ ಅರಳಲು ಕೆಲವು ಸೆಕೆಂಡು ಬೇಕು, ಗಾಳಿಯ ದಿಕ್ಕು ನೋಡಿ ಹಡಗನ್ನು ಅದರಿಂದ ಆಚೆ ಸರಿಸಬೇಕು. ಆ 38 ಸೆಕೆಂಡಿನಲ್ಲೂ ಮಾಡಬಹುದಾದ ಕೆಲಸ ಇದು. ಅದಕ್ಕಿಂತ ಮುಂಚೆ ಮಾಡಿದ್ದರೆ ಇನ್ನೂ ಒಳ್ಳೆಯದು. ಅಂದು ಅದಕ್ಕೂ ಅವಕಾಶ ಇತ್ತು, ಯಾಕೆಂದರೆ ಎಚ್ಚರಿಕೆ ಬಂದಿತ್ತು.

ಆ ದಿನ ಕೊವೆಂಟ್ರಿ, ಗ್ಲಾಸ್ಗೊ, ಶೆಫೀಲ್ಡ್ ಒಂದೇ ಮಾದರಿಯ (ಟೈಪ್ 42) ಈ ಮೂರೂ ಹಡಗುಗಳು ವಿಮಾನವಾಹಕಗಳ ಪಶ್ಚಿಮಕ್ಕೆ ಕಾವಲು ಸಾಲಿನಲ್ಲಿದ್ದವು. ಶೆಫೀಲ್ಡ್ ದಕ್ಷಿಣದ ತುದಿ. ಅರ್ಜೆಂಟೀನಾದ ಒಂದು ಹಳೆಯ ನೆಪ್ಚೂನ್ ವಿಮಾನ ಬೆಳಿಗ್ಗೆಯಿಂದ ಈ ಹಡಗುಗಳ ಜಾಡು ಹಿಡಿದಿತ್ತು. ಅರ್ಜೆಂಟೀನಾದ ಬೆಲ್‌ಗ್ರಾನೋ ಯುದ್ಧನೌಕೆ ಮುಳುಗಿ ಎರಡೇ ದಿನವಾಗಿತ್ತು, ಹಾಗಾಗಿ ಅದು ಬದುಕುಳಿದವರ ಹುಡುಕಾಟದಲ್ಲಿದೆ ಎಂದು ಬ್ರಿಟಿಷರು ಭಾವಿಸಿದರು. ರಿಯೊ ಗ್ರಾಂಡೆಯಿಂದ ಹೊರಟ ಎರಡು ಸೂಪರ್ ಎಟೆಂಡಾರ್ ವಿಮಾನಗಳು, ಬೆದಕಾರಾತ್ಸ್ ಮತ್ತು ಮಾಯೋರಾ ಎಂಬ ಪೈಲಟ್‌ಗಳು. ದಾರಿಯಲ್ಲಿ ಟ್ಯಾಂಕರ್ ವಿಮಾನದಿಂದ ಇಂಧನ ತುಂಬಿಸಿಕೊಂಡರು, ನೆಪ್ಚೂನ್ ಕೊಟ್ಟ ಸ್ಥಾನ ನೋಡಿಕೊಂಡು ನೀರಿಗೆ ತೀರ ಹತ್ತಿರದಲ್ಲಿ ಹಾರಿದರು. ಕೊನೆಗೆ ಸ್ವಲ್ಪ ಮೇಲೆದ್ದು, ವಿಮಾನದ ಅಗಾವೆ ರೇಡಾರನ್ನು ಕೆಲವೇ ಸೆಕೆಂಡು ತೆರೆದು ನೋಡಿ, ಮತ್ತೆ ಕೆಳಗಿಳಿದರು. ಇಬ್ಬರೂ ಒಂದೊಂದು ಎಕ್ಸೊಸೆಟ್ ಬಿಟ್ಟು ಹಿಂದಿರುಗಿದರು.

ಆ ಕೆಲವು ಸೆಕೆಂಡಿನ ಅಗಾವೆ ಕಿರಣವನ್ನು ಶತ್ರು ರೇಡಾರಿನ ಕಿರಣ ಗುರುತಿಸುವ, ಗ್ಲಾಸ್ಗೊದ ಯುಎಎ1 ಗ್ರಾಹಕ ಹಿಡಿಯಿತು, ರೇಡಾರಿನಲ್ಲೂ ಗುರಿ ಕಂಡಿತು. ಗ್ಲಾಸ್ಗೊ 'ಹ್ಯಾಂಡ್‌ಬ್ರೇಕ್' ಎಂಬ ಸಂಕೇತ ಪದವನ್ನು ಇಡೀ ಪಡೆಗೆ ಸಾರಿತು, ತಾನು ಯುದ್ಧಸ್ಥಾನಕ್ಕೆ ಹೋಯಿತು, ಚಾಫ್ ಹಾರಿಸಿತು. ವಾಯುರಕ್ಷಣೆಯ ಸಮನ್ವಯ ನೋಡುತ್ತಿದ್ದದ್ದು ಇನ್ವಿನ್ಸಿಬಲ್ ಎಂಬ ವಿಮಾನವಾಹಕ. ಅಲ್ಲಿಯವರು ಹ್ಯಾರಿಯರ್ ಯುದ್ಧವಿಮಾನಗಳನ್ನು ಕಳಿಸಿ ನೋಡಿದರು, ಏನೂ ಸಿಗಲಿಲ್ಲ. ಹಿಂದಿನ ದಿನಗಳಲ್ಲಿ ಇಂಥ ಸುಳ್ಳು ಎಚ್ಚರಿಕೆ ಎಷ್ಟೋ ಬಂದು ಹೋಗಿದ್ದವು. ಹಾಗಾಗಿ ಇದೂ ಸುಳ್ಳು ಎಂದು ತೀರ್ಮಾನಿಸಿ, ಎಚ್ಚರಿಕೆಯ ಮಟ್ಟವನ್ನು ಹಳದಿಯಿಂದ ಕೆಂಪಿಗೆ ಏರಿಸಲಿಲ್ಲ.

ಶೆಫೀಲ್ಡ್‌ನಲ್ಲಿ ಏನಾಯಿತು? ಅಲ್ಲೂ ಯುಎಎ1 ಇತ್ತು. ಆದರೆ ಅದೇ ಹೊತ್ತಿಗೆ ಸ್ಕಾಟ್ ಉಪಗ್ರಹ ಸಂಪರ್ಕ ಸಾಧನದಿಂದ ಪ್ರಸಾರ ನಡೆಯುತ್ತಿತ್ತು. ಆ ಪ್ರಸಾರ ಯುಎಎ1ಗೆ ಅಡ್ಡಿ ಮಾಡುತ್ತದೆ, ಒಂದು ಮಾತಾಡುವಾಗ ಇನ್ನೊಂದಕ್ಕೆ ಕೇಳಿಸುವುದಿಲ್ಲ. ವಾಯುರಕ್ಷಣಾ ಅಧಿಕಾರಿ ವಾರ್ಡ್‌ರೂಮಿನಲ್ಲಿ (ಅಧಿಕಾರಿಗಳ ಊಟ, ವಿಶ್ರಾಂತಿಯ ಕೋಣೆ), ಅವರ ಸಹಾಯಕ ಶೌಚಾಲಯಕ್ಕೆ ಹೋಗಿದ್ದರು. ಗ್ಲಾಸ್ಗೊದ ಕರೆ ಬಂದರೂ ಆಪ್ಸ್ ರೂಮಿನಲ್ಲಿದ್ದ ಮುಖ್ಯ ಯುದ್ಧಾಧಿಕಾರಿ ತಕ್ಕಂತೆ ಪ್ರತಿಕ್ರಿಯಿಸಲಿಲ್ಲ. ವಾಯುರಕ್ಷಣಾ ಅಧಿಕಾರಿಯನ್ನು ವಾಪಸು ಕರೆದಾಗ, ಸೂಪರ್ ಎಟೆಂಡಾರ್‌ಗಳಿಗೆ ಇಷ್ಟು ದೂರ ಬರಲಾಗದು ಎಂಬುದೇ ಅವರ ನಂಬಿಕೆ. ಚಾಫ್ ಇಲ್ಲ, ಹಡಗು ತಿರುಗಿಸಲಿಲ್ಲ, ಯುದ್ಧಸ್ಥಾನಕ್ಕೆ ಕರೆಯಲಿಲ್ಲ, ಕ್ಯಾಪ್ಟನ್‌ಗೂ ಯಾರೂ ಹೇಳಲಿಲ್ಲ. ಕ್ಷಿಪಣಿ ಕಣ್ಣಿಗೆ ಕಂಡಾಗ ಬ್ರಿಜ್ ಮೇಲಿದ್ದವರು ಅದನ್ನೇ ನೋಡುತ್ತ ನಿಂತರು, ಹಡಗಿನವರಿಗೆಲ್ಲ ಎಚ್ಚರಿಕೆ ಸಾರಲಿಲ್ಲ ಎನ್ನುತ್ತದೆ ವರದಿ.

ಪಕ್ಕದ ಹಡಗು ಅದೇ ಮಾದರಿ, ಅದೇ ಉಪಕರಣ, ಅದೇ ಸಮುದ್ರ. ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಲಿಲ್ಲ? ಈ ಪ್ರಶ್ನೆಯಿಂದ ಕ್ಯಾಪ್ಟನ್ ತಪ್ಪಿಸಿಕೊಳ್ಳಲಾಗದು.

ಪಡುಗಡಲು:

ಒಪ್ಪುತ್ತೇನೆ. ಆದರೆ ಇದರ ಜೊತೆ ಒಂದು ಸಂಗತಿ ಸೇರಿಸಲೇಬೇಕು. ಸಾಲ್ಟ್ ಸಬ್‌ಮರೀನರ್, ಅವರ ಎರಡನೇ ಅಧಿಕಾರಿ ಹೆಲಿಕಾಪ್ಟರ್ ಹಿನ್ನೆಲೆಯವರು, ಇಬ್ಬರಿಗೂ ಮೇಲ್ಮೈ ನೌಕೆಯ ಇತ್ತೀಚಿನ ಅನುಭವ ಇರಲಿಲ್ಲವೆಂದೇ ಹೇಳಬಹುದು ಎಂದು ತನಿಖಾ ಮಂಡಳಿ ಬರೆಯಿತು. ಇದನ್ನು ಹಿಡಿದುಕೊಂಡು 'ಸಬ್‌ಮರೀನಿನವರಿಗೆ ಡೆಸ್ಟ್ರಾಯರ್ ಕೊಟ್ಟಿದ್ದೇ ತಪ್ಪು' ಎನ್ನುವವರು ಗ್ಲಾಸ್ಗೊದ ಕ್ಯಾಪ್ಟನ್ ಪಾಲ್ ಹಾಡಿನಾಟ್ ಯಾರು ಎಂದು ನೋಡಬೇಕು. ಅವರೂ ಸಬ್‌ಮರೀನರ್! ಇಡೀ ಪಡೆಯ ಮುಖ್ಯಸ್ಥ ರಿಯರ್ ಅಡ್ಮಿರಲ್ ಸ್ಯಾಂಡಿ ವುಡ್‌ವರ್ಡ್ ಕೂಡ ಸಬ್‌ಮರೀನರ್, ಮೇಲಾಗಿ 1970ರ ದಶಕದಲ್ಲಿ ಇದೇ ಶೆಫೀಲ್ಡ್‌ನ ಕ್ಯಾಪ್ಟನ್ ಆಗಿದ್ದವರು. ಆದ್ದರಿಂದ ಹಿನ್ನೆಲೆಯೊಂದನ್ನೇ ಕಾರಣ ಮಾಡಿದರೆ ವಾದ ನಿಲ್ಲುವುದಿಲ್ಲ. ಕ್ಯಾಪ್ಟನ್ ಮತ್ತು ಎರಡನೇ ಅಧಿಕಾರಿ ಇಬ್ಬರಲ್ಲೂ ಒಂದೇ ಕೊರತೆ ಇರುವಂತೆ ಜೋಡಿ ಮಾಡಿದ್ದು ಸಮಸ್ಯೆ. ಆ ಜೋಡಿಯನ್ನು ಸಾಲ್ಟ್ ಮಾಡಲಿಲ್ಲ, ನೇಮಕಾತಿ ಕಚೇರಿ ಮಾಡಿತು.

ಸಾಲ್ಟ್ ಮಾಡಬಹುದಾಗಿದ್ದದ್ದು ಬೇರೆ. ಹಡಗಿನೊಳಗೆ ಅಪಾಯಗಳ ಶ್ರೇಣಿ ಮಾಡುವಾಗ ಅರ್ಜೆಂಟೀನಾದ ಟೈಪ್ 209 ಸಬ್‌ಮರೀನನ್ನು ಮೇಲಿಟ್ಟರು, ವಿಮಾನದಿಂದ ಬರುವ ಎಕ್ಸೊಸೆಟ್ಟನ್ನು ಕೆಳಗಿಟ್ಟರು. ಎಕ್ಸೊಸೆಟ್ ದಾಳಿಯ ಸಾಧ್ಯತೆ ಬಗ್ಗೆ ಗುಪ್ತಚರ ಮಾಹಿತಿ ಬಂದಿತ್ತು. ಶತ್ರು ವಿಮಾನಕ್ಕೆ ಆಕಾಶದಲ್ಲೇ ಇಂಧನ ತುಂಬಿಸುವ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರೆ 'ಇಷ್ಟು ದೂರ ಬರಲಾಗದು' ಎಂಬ ಮಾತೇ ಹುಟ್ಟುತ್ತಿರಲಿಲ್ಲ. ಸ್ಕಾಟ್ ಯಾವಾಗ ಬಳಸಬೇಕು, ಯಾವಾಗ ಮುಚ್ಚಬೇಕು ಎಂಬ ನಿಯಮ ಹಾಕುವುದು ಕ್ಯಾಪ್ಟನ್ ಕೈಯಲ್ಲೇ ಇರುವ ವಿಷಯ. ಎಚ್ಚರಿಕೆ ಬಂದ ತಕ್ಷಣ ಯಾರನ್ನೂ ಕೇಳದೆ ಚಾಫ್ ಹಾರಿಸು ಎಂಬ ಸ್ಥಾಯಿ ಆಜ್ಞೆ ಆಪ್ಸ್ ರೂಮಿನವರ ಕೈಗೆ ಅಭ್ಯಾಸವಾಗಿದ್ದರೆ, ಅಧಿಕಾರಿ ಎಲ್ಲೇ ಇದ್ದರೂ ಆ ಕೆಲಸ ಆಗುತ್ತಿತ್ತು. ನನ್ನ ಪ್ರಕಾರ ಸಾಲ್ಟ್ ಅವರ ಹೊಣೆ ಇಷ್ಟು, ಮತ್ತು ಇದು ಸಣ್ಣದಲ್ಲ.

ಹೊಸ_ಓದುಗ:

ಒಂದು ಪ್ರಶ್ನೆ. ಹಡಗಿನ ಮೇಲ್ಭಾಗ ಅಲ್ಯೂಮಿನಿಯಂನದಾಗಿತ್ತು, ಅದಕ್ಕೇ ಹಾಗೆ ಉರಿಯಿತು ಅಂತ ಓದಿದ್ದೆ. ನಿಜವೇ? ಸಿಡಿತಲೆ ಸಿಡಿಯಲೇ ಇಲ್ಲ ಅಂತಲೂ ಹೇಳುತ್ತಾರೆ. ಸಿಡಿಯದೆ ಹಡಗು ಹೇಗೆ ಹೋಯಿತು?

ತಳಪಾಯ:

ಅಲ್ಯೂಮಿನಿಯಂ ಕತೆ ತಪ್ಪು. ಟೈಪ್ 42ರ ಒಡಲೂ ಮೇಲ್ಕಟ್ಟೂ ಉಕ್ಕಿನವು. ಅಲ್ಯೂಮಿನಿಯಂ ಮೇಲ್ಕಟ್ಟು ಇದ್ದದ್ದು ಟೈಪ್ 21 ಫ್ರಿಗೇಟ್‌ಗಳಲ್ಲಿ. ಅದೇ ಯುದ್ಧದಲ್ಲಿ ಆರ್ಡೆಂಟ್, ಆಂಟಿಲೋಪ್ ಎಂಬ ಎರಡು ಟೈಪ್ 21 ನೌಕೆಗಳು ಹೋದವು, ಆ ಮಾತು ಶೆಫೀಲ್ಡ್‌ಗೂ ಅಂಟಿಕೊಂಡಿತು.

ಸಿಡಿತಲೆಯ ವಿಷಯಕ್ಕೆ ಬಂದರೆ, 165 ಕೆ.ಜಿ. ಸಿಡಿತಲೆ ಸಿಡಿಯಲಿಲ್ಲ ಎಂದು 1982ರ ಮಂಡಳಿ ತೀರ್ಮಾನಿಸಿತು. ಹಡಗಿನಲ್ಲಿದ್ದ ಹಲವರು ಅದನ್ನು ಒಪ್ಪಲಿಲ್ಲ. 2015ರಲ್ಲಿ ಬ್ರಿಟನ್ ರಕ್ಷಣಾ ಇಲಾಖೆಯ ಮರುಪರಿಶೀಲನೆ, ಆಧುನಿಕ ಹಾನಿ ವಿಶ್ಲೇಷಣೆಯ ಸಾಧನಗಳನ್ನೂ ನಂತರದ ಪರೀಕ್ಷೆಗಳ ಫಲಿತಾಂಶಗಳನ್ನೂ ಬಳಸಿ, ಸಿಡಿತಲೆ ಸಿಡಿದಿತ್ತು ಎಂಬ ನಿರ್ಧಾರಕ್ಕೆ ಬಂತು. ಇದು ಕ್ಯಾಪ್ಟನ್ ಹೆಸರಿಗೂ ಸಂಬಂಧಿಸಿದ್ದು. 'ಸಿಡಿಯದ ಕ್ಷಿಪಣಿಗೇ ಹಡಗು ಕಳೆದುಕೊಂಡರು' ಎಂಬ ಅಪವಾದ 33 ವರ್ಷ ಆ ಸಿಬ್ಬಂದಿಯ ಬೆನ್ನಿಗಿತ್ತು.

ಕ್ಷಿಪಣಿ ಬಲಮಗ್ಗುಲಲ್ಲಿ, ನೀರಿನ ಮಟ್ಟದಿಂದ ಸುಮಾರು 2.4 ಮೀಟರ್ ಮೇಲೆ, ಎರಡನೇ ಡೆಕ್‌ನಲ್ಲಿ ನುಗ್ಗಿತು. ತೂತಿನ ಅಳತೆ ಹೆಚ್ಚುಕಡಿಮೆ 4.6 ಮೀಟರ್ ಉದ್ದ, 1.2 ಮೀಟರ್ ಎತ್ತರ. ಅಡುಗೆಮನೆಯ ಆಸುಪಾಸು, ಮುಂದಿನ ಸಹಾಯಕ ಯಂತ್ರದ ಕೋಣೆ, ಮುಂದಿನ ಎಂಜಿನ್ ಕೋಣೆಯ ಗೋಡೆ, ಇಷ್ಟೂ ಒಡೆದವು. ಈ ಜಾಗವೇ ಹಡಗಿನ ನಡುಮಧ್ಯ. ಇಂಧನ ತೊಟ್ಟಿ, ವಿದ್ಯುತ್ ಕೇಬಲ್, ನೀರಿನ ಕೊಳವೆ ಎಲ್ಲವೂ ಅಲ್ಲಿಂದಲೇ ಹಾದು ಹೋಗುತ್ತವೆ.

ಹಡಗನ್ನು ಕೊಂದದ್ದು ತೂತಲ್ಲ, ಫೈರ್ ಮೇನ್. ಇದು ಹಡಗಿನ ಉದ್ದಕ್ಕೂ ಹೋಗುವ, ಯಾವಾಗಲೂ ಒತ್ತಡದಲ್ಲಿರುವ ಸಮುದ್ರದ ನೀರಿನ ಕೊಳವೆ. ಹೊಡೆತಕ್ಕೆ ಇದು ಒಡೆಯಿತು. ಹೀಗಾದಾಗ ಮಾಡಬೇಕಾದ್ದು ಒಡೆದ ಜಾಗದ ಎರಡೂ ಕಡೆಯ ವಾಲ್ವ್ ಮುಚ್ಚಿ, ಉಳಿದ ಭಾಗಕ್ಕೆ ಬೇರೆ ಪಂಪಿನಿಂದ ನೀರು ಕೊಡುವುದು. ವಾಲ್ವ್ ಮುಚ್ಚುವವರೆಗೆ ಎಷ್ಟು ಪಂಪ್ ಓಡಿಸಿದರೂ ನೀರೆಲ್ಲ ಒಡೆದ ಬಾಯಿಯಿಂದ ಸುರಿದು ಹೋಗುತ್ತದೆ, ಮೆದುಗೊಳವೆಯ ತುದಿಯಲ್ಲಿ ಒತ್ತಡವೇ ಇರುವುದಿಲ್ಲ. ಆ ವಾಲ್ವ್‌ಗಳ ಹತ್ತಿರ ಹೋಗಲು ಹೊಗೆ ಬಿಡಲಿಲ್ಲ. ಡೀಸೆಲ್, ಕ್ಷಿಪಣಿಯಲ್ಲಿ ಉಳಿದಿದ್ದ ಘನ ಇಂಧನ, ಕೇಬಲ್‌ಗಳ ಪಿವಿಸಿ ಹೊದಿಕೆ, ಹಾಸಿಗೆಗಳ ಫೋಮ್ ಎಲ್ಲ ಸೇರಿ ಕಪ್ಪು, ವಿಷದ ಹೊಗೆ. ಅದು ಕೆಲವೇ ನಿಮಿಷಗಳಲ್ಲಿ ಹಡಗಿನ ಮಧ್ಯಭಾಗವನ್ನೆಲ್ಲ ಆವರಿಸಿತು. ಉಸಿರಾಟದ ಸಾಧನ ಸಾಲದಾಯಿತು. ಇಂಥ ಹೊತ್ತಿಗೆಂದೇ ಇಟ್ಟಿದ್ದ ರೋವರ್ ಗ್ಯಾಸ್ ಟರ್ಬೈನ್ ಪಂಪ್‌ಗಳು ಕೈಕೊಟ್ಟವು. ಬಕೆಟ್ಟಿನಲ್ಲಿ ಸಮುದ್ರದ ನೀರು ಸೇದಿ ಕಾದ ಉಕ್ಕಿನ ಮೇಲೆ ಸುರಿಯುವ ಸ್ಥಿತಿ ಬಂತು.

'ಆರೋ' ಎಂಬ ಬ್ರಿಟಿಷ್ ನೌಕೆ ಪಕ್ಕಕ್ಕೆ ಬಂದು ನೀರು ಹೊಡೆಯಿತು, ಯಾರ್ಮತ್ ಕೂಡ ನೆರವಿಗೆ ನಿಂತಿತು. ಸುಮಾರು ನಾಲ್ಕು ಗಂಟೆ ಹೋರಾಡಿದರು. ಬೆಂಕಿ ಸೀ ಡಾರ್ಟ್ ಉಗ್ರಾಣದ ಕಡೆಗೆ ಸರಿಯುತ್ತಿತ್ತು, ಹಡಗಿಗೆ ಯುದ್ಧ ಮಾಡುವ ಶಕ್ತಿ ಉಳಿದಿರಲಿಲ್ಲ, ಪಕ್ಕದಲ್ಲಿ ನಿಂತ ನೌಕೆಗಳೂ ಅಪಾಯದಲ್ಲಿದ್ದವು. ಆಗ ಸಾಲ್ಟ್ ಹಡಗು ಬಿಡಲು ಆಜ್ಞೆ ಕೊಟ್ಟರು. ಆ ತೀರ್ಮಾನ ಸರಿಯಾಗಿಯೇ ಇತ್ತು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. 260ಕ್ಕೂ ಹೆಚ್ಚು ಜನ ಉಳಿದರು. ಉಗ್ರಾಣ ಸಿಡಿದಿದ್ದರೆ ಆರೋ ನೌಕೆಯೂ ಹೋಗುತ್ತಿತ್ತು.

ಆದರೆ ಆ ನಾಲ್ಕು ಗಂಟೆಗಳ ಬಗ್ಗೆ ಮಂಡಳಿ ಹೇಳಿದ ಮಾತನ್ನು ಯಾರೂ ಉಲ್ಲೇಖಿಸುವುದಿಲ್ಲ. ಬೆಂಕಿ ಆರಿಸುವ ಪ್ರಯತ್ನದಲ್ಲಿ ಧೈರ್ಯಕ್ಕೆ ಕೊರತೆ ಇರಲಿಲ್ಲ, ಹೊಂದಾಣಿಕೆ ಇರಲಿಲ್ಲ. ಮುಖ್ಯ ಹಾನಿ ನಿಯಂತ್ರಣ ಕೇಂದ್ರ ಹೋದ ಮೇಲೆ ಬದಲಿ ಕೇಂದ್ರ ಸ್ಥಾಪಿಸಲಿಲ್ಲ, ಆಜ್ಞೆ ಎಲ್ಲಿಂದ ಬರುತ್ತಿದೆ ಎಂಬುದೇ ಸಿಬ್ಬಂದಿಗೆ ಸ್ಪಷ್ಟವಿರಲಿಲ್ಲ. ಕ್ಷಿಪಣಿ ಬಡಿಯುವಾಗ ಕ್ಯಾಪ್ಟನ್ ಎಲ್ಲಿದ್ದರು ಎಂಬುದಕ್ಕಿಂತ ಇದು ನೇರವಾಗಿ ಕ್ಯಾಪ್ಟನ್‌ಗೆ ಸೇರುವ ಕೊರತೆ. 'ನಾನು ಇಲ್ಲಿದ್ದೇನೆ, ವರದಿ ಇಲ್ಲಿಗೆ ತನ್ನಿ' ಎಂದು ಒಂದು ಜಾಗ ಗುರುತಿಸಿ ಎಲ್ಲರಿಗೂ ತಿಳಿಸುವುದು ಮೊದಲ ಐದು ನಿಮಿಷದ ಕೆಲಸ.

ಗಾಳಿಪಟ_ಎಂಎಸ್:

ತಳಪಾಯ ಅವರ ಕೊನೆಯ ಮಾತು ಒಪ್ಪಿದರೂ ಸ್ವಲ್ಪ ತಡೆಯಬೇಕು. ಹಡಗಿನ ಒಳಗಿನ ಸಂಪರ್ಕ ಕಡಿದಿತ್ತು, ಮುಂಭಾಗದವರಿಗೂ ಹಿಂಭಾಗದವರಿಗೂ ನಡುವೆ ಹೊಗೆಯ ಗೋಡೆ. ಒಂದು ಜಾಗ ಗುರುತಿಸಿದರೂ ಆ ಸುದ್ದಿಯನ್ನು ಹಿಂಭಾಗಕ್ಕೆ ಮುಟ್ಟಿಸುವುದು ಹೇಗೆ?

ತಳಪಾಯ:

ಮೇಲಿನ ತೆರೆದ ಡೆಕ್ ಮೇಲೆ ಓಡಿ ಹೋಗಿ ಹೇಳುವುದು, ಅಷ್ಟೇ. ಅದಕ್ಕೆಂದೇ ಓಟಗಾರರನ್ನು ಮೊದಲೇ ನೇಮಿಸಿ ಅಭ್ಯಾಸ ಮಾಡಿಸಿರಬೇಕು. ಫೋನ್ ಇಲ್ಲದೆ, ದೀಪ ಇಲ್ಲದೆ, ಫೈರ್ ಮೇನ್‌ನಲ್ಲಿ ನೀರಿಲ್ಲದೆ ಮಾಡುವ ಅಭ್ಯಾಸಗಳು ಬೇರೆಯೇ. ಶಾಂತಿಕಾಲದಲ್ಲಿ ಒಂದು ಸಲಕ್ಕೆ ಒಂದೇ ವ್ಯವಸ್ಥೆ ಕೆಟ್ಟಿದೆ ಎಂದುಕೊಂಡು ಅಭ್ಯಾಸ ಮಾಡುತ್ತಾರೆ. ಅಂದು ಎಲ್ಲವೂ ಒಟ್ಟಿಗೆ ಕೆಟ್ಟವು.

ಸಾಕ್ಷಿಕಟ್ಟೆ:

ಹೆಸರಿನ ವಿಷಯಕ್ಕೆ ಬರುತ್ತೇನೆ, ಪಡುಗಡಲು ಅವರ ಮೂಲ ಪ್ರಶ್ನೆ ಅದೇ ಅಲ್ಲವೇ.

ಮಂಡಳಿ ನಿರ್ಲಕ್ಷ್ಯದ ಆರೋಪ ಹೊರಿಸಿದ್ದು ವಾಯುರಕ್ಷಣಾ ಅಧಿಕಾರಿ ಮತ್ತು ಮುಖ್ಯ ಯುದ್ಧಾಧಿಕಾರಿ ಇಬ್ಬರ ಮೇಲೆ. 1982ರ ಸೆಪ್ಟೆಂಬರ್‌ನಲ್ಲಿ ನೌಕಾದಳದ ಕಮಾಂಡರ್ ಇನ್ ಚೀಫ್ ಅಡ್ಮಿರಲ್ ಜಾನ್ ಫೀಲ್ಡ್‌ಹೌಸ್ ಇವರ ಮೇಲೆ ಕೋರ್ಟ್ ಮಾರ್ಷಲ್ ಆಗಲಿ, ಶಿಸ್ತುಕ್ರಮವಾಗಲಿ ಬೇಡ ಎಂದು ತೀರ್ಮಾನಿಸಿದರು. ಗೆಲುವಿನ ಸಂಭ್ರಮ ಕೆಡದಿರಲಿ ಎಂದೇ ಹೀಗೆ ಮಾಡಿದರು ಎಂದು 2017ರಲ್ಲಿ ವರದಿ ಹೊರಗೆ ತಂದ ಪತ್ರಿಕೆ ಬರೆಯಿತು. ಸಾಲ್ಟ್ ಸೇವೆಯಲ್ಲಿ ಮುಂದುವರಿದು ರಿಯರ್ ಅಡ್ಮಿರಲ್ ಆದರು, 2009ರಲ್ಲಿ ತೀರಿಕೊಂಡರು. ಪೂರ್ತಿ ವರದಿ ಜನರಿಗೆ ಸಿಗುವ ಹೊತ್ತಿಗೆ ಉತ್ತರ ಕೊಡಲು ಅವರೇ ಇರಲಿಲ್ಲ.

ಇದರಲ್ಲಿ ಸಾಲ್ಟ್‌ಗೆ ಲಾಭವಾಯಿತು ಎಂದು ಹಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ವಿಚಾರಣೆ ನಡೆದಿದ್ದರೆ ಸ್ಕಾಟ್ ಮತ್ತು ಯುಎಎ1 ಅಡ್ಡಿಯ ವಿಷಯ, ಇನ್ವಿನ್ಸಿಬಲ್ ಎಚ್ಚರಿಕೆ ತಳ್ಳಿಹಾಕಿದ್ದು, ನೇಮಕಾತಿಯ ತಪ್ಪು, ರೋವರ್ ಪಂಪ್ ಎಲ್ಲವೂ ದಾಖಲೆಗೆ ಬರುತ್ತಿದ್ದವು. ಹಡಗಿನೊಳಗಿನ ತಪ್ಪು ಎಷ್ಟು, ಹೊರಗಿನದು ಎಷ್ಟು ಎಂದು ತೂಗಿ ನೋಡಲು ಸಾಧ್ಯವಾಗುತ್ತಿತ್ತು. ಮುಚ್ಚಿಟ್ಟದ್ದರಿಂದ 35 ವರ್ಷಗಳ ನಂತರ ಹೊರಬಂದದ್ದು ಕಾಫಿ ಮತ್ತು ಶೌಚಾಲಯ ಮಾತ್ರ. ಸತ್ತ 20 ಮಂದಿಯ ಮನೆಯವರಿಗೂ ಅಷ್ಟು ವರ್ಷ ನಿಜ ಹೇಳಲಿಲ್ಲ. ನನಗೆ ಇದು ಸಾಲ್ಟ್ ಅವರ ತಪ್ಪಿಗಿಂತ ದೊಡ್ಡ ತಪ್ಪು.

ಇದರ ಪಕ್ಕಕ್ಕೆ ಅಮೆರಿಕದ ಸ್ಟಾರ್ಕ್ ಫ್ರಿಗೇಟ್ ಇಟ್ಟು ನೋಡಿ. 1987ರ ಮೇ 17ರಂದು ಪರ್ಷಿಯನ್ ಕೊಲ್ಲಿಯಲ್ಲಿ ಇರಾಕಿನ ವಿಮಾನ ಬಿಟ್ಟ ಎರಡು ಎಕ್ಸೊಸೆಟ್ ಬಡಿದವು. 37 ಮಂದಿ ಸತ್ತರು. ಸಿಬ್ಬಂದಿ ಬೆಂಕಿ ಆರಿಸಿ ಹಡಗನ್ನು ಉಳಿಸಿಕೊಂಡರು. ಆದರೂ ಕ್ಯಾಪ್ಟನ್ ಗ್ಲೆನ್ ಬ್ರಿಂಡೆಲ್ ಅವರನ್ನು ಹುದ್ದೆಯಿಂದ ಇಳಿಸಿ, ಛೀಮಾರಿ ಪತ್ರ ಕೊಟ್ಟರು, ಅವರು ನೌಕಾಪಡೆ ಬಿಟ್ಟರು. ಅದೇ ಕ್ಷಿಪಣಿ, ಅದೇ ರೀತಿಯ ತಡವಾದ ಪ್ರತಿಕ್ರಿಯೆ. ಹಡಗು ಉಳಿಸಿಕೊಂಡವರ ವೃತ್ತಿ ಮುಗಿಯಿತು, ಹಡಗು ಕಳೆದುಕೊಂಡವರು ಅಡ್ಮಿರಲ್ ಆದರು. ಎರಡರಲ್ಲಿ ಯಾವುದು ನ್ಯಾಯ ಎಂದು ಕೇಳಿದರೆ, ತನಿಖೆಯ ಮುಖ್ಯಾಂಶಗಳನ್ನು ಅದೇ ವರ್ಷ ಪ್ರಕಟಿಸಿದ ಅಮೆರಿಕದ ಕ್ರಮವೇ ಮೇಲು ಎನ್ನುತ್ತೇನೆ, ಬ್ರಿಂಡೆಲ್‌ಗೆ ಕೊಟ್ಟ ಶಿಕ್ಷೆ ಕಠಿಣವಾಗಿತ್ತು ಎಂದು ಅನ್ನಿಸಿದರೂ.

ನಮ್ಮಲ್ಲಿ ಇದೇ ಚರ್ಚೆ ಐಎನ್‌ಎಸ್ ಖುಕ್ರಿ ಸುತ್ತ ನಡೆಯುತ್ತದೆ. 1971ರ ಡಿಸೆಂಬರ್ 9ರ ರಾತ್ರಿ ದಿಯು ಸಮೀಪ ಪಾಕಿಸ್ತಾನದ ಹಂಗೋರ್ ಸಬ್‌ಮರೀನ್ ಬಿಟ್ಟ ಟಾರ್ಪೆಡೊಗೆ ಖುಕ್ರಿ ಮುಳುಗಿತು, 18 ಅಧಿಕಾರಿಗಳು ಮತ್ತು 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗಿನೊಂದಿಗೇ ಹೋದರು, ಮಹಾವೀರ ಚಕ್ರ ಬಂತು. ಅವರ ಸಾವಿನ ಘನತೆ ಬೇರೆ, ಸಬ್‌ಮರೀನ್ ಇದೆ ಎಂದು ಗೊತ್ತಿದ್ದ ಜಾಗದಲ್ಲಿ ಹಡಗು ನಿಧಾನವಾಗಿ ಯಾಕೆ ಸಾಗುತ್ತಿತ್ತು ಎಂಬ ಪ್ರಶ್ನೆ ಬೇರೆ. ಮೊದಲನೆಯದಕ್ಕೆ ತಲೆಬಾಗಿ ಎರಡನೆಯದನ್ನು ಕೇಳಬಹುದು, ಕೇಳಲೇಬೇಕು.

ಅಲೆಲೆಕ್ಕ:

ಸಾಕ್ಷಿಕಟ್ಟೆ ಅವರ ಹೋಲಿಕೆಗೆ ಇನ್ನೊಂದು ಸೇರಿಸುತ್ತೇನೆ: ಬ್ರಿಟನ್ನಿನದೇ ಡೆಸ್ಟ್ರಾಯರ್ ಗ್ಲಾಮೊರ್ಗನ್. 1982ರ ಜೂನ್ 12ರಂದು ದಡದಲ್ಲಿ ಟ್ರೇಲರ್ ಮೇಲೆ ಕೂರಿಸಿದ್ದ ಎಂಎಂ38 (ಹಡಗಿನಿಂದ ಹಾರಿಸುವ ಮಾದರಿಯ) ಎಕ್ಸೊಸೆಟ್ ಅದರ ಮೇಲೆ ಬಂತು. ರೇಡಾರಿನಲ್ಲಿ ಕಂಡ ತಕ್ಷಣ ಹಡಗನ್ನು ಪೂರ್ತಿ ವೇಗದಲ್ಲಿ ತಿರುಗಿಸಿ ಹಿಂಭಾಗ ಒಡ್ಡಿದರು. ಕ್ಷಿಪಣಿ ಒಡಲಿಗೆ ನೇರ ಚುಚ್ಚುವ ಬದಲು ಹಿಂಭಾಗದ ಡೆಕ್ ಮೇಲೆ, ಹೆಲಿಕಾಪ್ಟರ್ ಹ್ಯಾಂಗರಿನ ಹತ್ತಿರ ಬಡಿಯಿತು. 14 ಮಂದಿ ಸತ್ತರು, ಹ್ಯಾಂಗರ್ ಸುಟ್ಟಿತು. ಆದರೆ ಎಂಜಿನ್ ಕೋಣೆಗಳು ಉಳಿದವು, ಪಂಪ್‌ಗಳು ಉಳಿದವು, ಹಡಗು ತನ್ನ ಶಕ್ತಿಯಿಂದಲೇ ಹೊರಬಂತು.

ತಿರುಗಿಸುವುದರ ಲೆಕ್ಕ ಇದು: 125 ಮೀಟರ್ ಉದ್ದದ ಹಡಗು ಮಗ್ಗುಲು ತೋರಿಸಿದರೆ ಕ್ಷಿಪಣಿಯ ರೇಡಾರಿಗೆ ಅಷ್ಟೂ ಉದ್ದ ಗುರಿ. ಹಿಂಭಾಗ ಅಥವಾ ಮೂತಿ ತೋರಿಸಿದರೆ ಸುಮಾರು 14 ಮೀಟರ್ ಅಗಲ. ಚಾಫ್ ಮೋಡದ ಪಕ್ಕದಲ್ಲಿ ಸಣ್ಣದಾಗಿ ಕಂಡಷ್ಟೂ ಕ್ಷಿಪಣಿ ಮೋಡದ ಕಡೆ ಹೋಗುವ ಸಾಧ್ಯತೆ ಹೆಚ್ಚು. ತಪ್ಪಿಸಲಾಗದಿದ್ದರೂ ಬಡಿಯುವ ಜಾಗ ಬದಲಾಗುತ್ತದೆ. ಇದಕ್ಕೆ ಸೀ ವುಲ್ಫ್ ಬೇಡ, ಹೊಸ ರೇಡಾರ್ ಬೇಡ. ಬ್ರಿಜ್ ಮೇಲಿನ ಅಧಿಕಾರಿಗೆ ಯಾರನ್ನೂ ಕೇಳದೆ ಚುಕ್ಕಾಣಿ ತಿರುಗಿಸುವ ಅಧಿಕಾರ ಮೊದಲೇ ಕೊಟ್ಟಿರಬೇಕು.

ಹೊಸ_ಓದುಗ:

ಆಮೇಲೆ ಏನೇನು ಬದಲಾಯಿಸಿದರು? ಹಡಗುಗಳಲ್ಲಿ ಕೆಲಸ ಮಾಡುವವರಿಗೆ ಉಪಯೋಗಕ್ಕೆ ಬಂದದ್ದು ಏನಾದರೂ ಇದೆಯೇ?

ತಳಪಾಯ:

ಬಹಳ ಇದೆ, ನೆನಪಿಗೆ ಬಂದಷ್ಟು ಹೇಳುತ್ತೇನೆ. ಪಾಲಿಯೆಸ್ಟರ್ ಸಮವಸ್ತ್ರ ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತಿತ್ತು, ಹತ್ತಿಬಟ್ಟೆಗೆ ಮರಳಿದರು. ಹೊಗೆಯಿಂದ ಪಾರಾಗಿ ಹೊರಬರಲು ಪ್ರತಿಯೊಬ್ಬರಿಗೂ ಸಣ್ಣ ಉಸಿರಾಟದ ಚೀಲ ಕೊಟ್ಟರು. ಹಡಗನ್ನು ಹೊಗೆ ದಾಟದಂತೆ ಪ್ರತ್ಯೇಕ ವಲಯಗಳಾಗಿ ಮಾಡಿ, ಬಾಗಿಲುಗಳಿಗೆ ಹೊಗೆ ಪರದೆ ಹಾಕಿದರು. ಹೊಗೆಯಲ್ಲಿ ಬೆಂಕಿಯ ಮೂಲ ನೋಡಲು ಥರ್ಮಲ್ ಕ್ಯಾಮೆರಾ ಬಂತು. ಹತ್ತಿರದ ರಕ್ಷಣೆಗೆ ಫಾಲ್ಯಾಂಕ್ಸ್ ಗನ್ ಬಂತು. ಕೆಳಗೆ ಹಾರುವ ವಿಮಾನವನ್ನು ಮೇಲಿನಿಂದ ನೋಡಲು ಸೀ ಕಿಂಗ್ ಹೆಲಿಕಾಪ್ಟರಿಗೆ ಸರ್ಚ್‌ವಾಟರ್ ರೇಡಾರ್ ಕಟ್ಟುವ ಕೆಲಸ 11 ವಾರಗಳಲ್ಲಿ ಮುಗಿಯಿತು, ಆದರೆ ಯುದ್ಧ ಮುಗಿದ ಮೇಲೆ. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಬ್ರಿಟನ್ನಿನ ದೊಡ್ಡ ವಿಮಾನವಾಹಕವನ್ನು 1970ರ ದಶಕದ ಕೊನೆಯಲ್ಲಿ ಕೈಬಿಟ್ಟಾಗ ಅದರ ಜೊತೆಗೇ ಆ ಆಕಾಶದ ಕಣ್ಣೂ ಹೋಗಿತ್ತು. ಅಂದಹಾಗೆ, ಆ ದಿನ ಪಡೆಯ ಧ್ವಜನೌಕೆಯಾಗಿದ್ದ ಹರ್ಮಿಸ್ ಮುಂದೆ 1987ರಲ್ಲಿ ನಮ್ಮ ಐಎನ್‌ಎಸ್ ವಿರಾಟ್ ಆಯಿತು.

ಫೈರ್ ಮೇನ್ ವಿಷಯದಲ್ಲಿ ಹಡಗಿನವರು ಈಗಲೂ ಪಾಲಿಸಬೇಕಾದ್ದು: ಅಪಾಯದ ಪ್ರದೇಶಕ್ಕೆ ಹೋಗುವ ಮೊದಲೇ ಅಡ್ಡ ವಾಲ್ವ್‌ಗಳನ್ನು ಮುಚ್ಚಿ, ಮೇನನ್ನು ಪ್ರತ್ಯೇಕ ಭಾಗಗಳಾಗಿ ಓಡಿಸಬೇಕು, ಪ್ರತಿ ಭಾಗಕ್ಕೂ ತನ್ನದೇ ಪಂಪ್ ಇರಬೇಕು. ಆಗ ಒಂದು ಭಾಗ ಒಡೆದರೆ ಉಳಿದವುಗಳ ಒತ್ತಡ ಬೀಳುವುದಿಲ್ಲ, ಹೊಗೆಯೊಳಗೆ ವಾಲ್ವ್ ಹುಡುಕಿಕೊಂಡು ಹೋಗುವ ಪ್ರಮೇಯವೇ ಬರುವುದಿಲ್ಲ. ಸುಲಭಕ್ಕೆಂದು ಎಲ್ಲ ವಾಲ್ವ್ ತೆರೆದಿಟ್ಟು ಒಂದೆರಡು ಪಂಪಿನಲ್ಲಿ ನಡೆಸುವುದು ಶಾಂತಿಕಾಲದ ಅಭ್ಯಾಸ. ಬಿಡಿ ಪಂಪುಗಳನ್ನು ವಾರಕ್ಕೊಮ್ಮೆ ಬರೀ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಸಾಲದು. ಸಮುದ್ರದಿಂದ ನೀರು ಎಳೆದು, ಮೆದುಗೊಳವೆ ಜೋಡಿಸಿ, ಪೂರ್ತಿ ಒತ್ತಡ ಬರುತ್ತದೆಯೇ ಎಂದು ನೋಡಬೇಕು. ಅವು ಕೈಕೊಡುವುದು ಹೆಚ್ಚಾಗಿ ಹೀರು ಕೊಳವೆಯಲ್ಲಿ ಗಾಳಿ ಸೇರಿದಾಗ, ಅದು ಬರೀ ಎಂಜಿನ್ ಓಡಿಸಿ ನೋಡಿದರೆ ಗೊತ್ತಾಗುವುದಿಲ್ಲ.